ಮೊದಲ ಹಸ್ತಪ್ರತಿ ಕಲಿಸಿದ ಪಾಠ

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದ ಕುಮಾರವ್ಯಾಸನು, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು ತನ್ನ ಹೆಗ್ಗಳಿಕೆಯೆಂದು ಹೇಳಿಕೊಂಡಿದ್ದಾನೆ. ಅದೇ ಸೀಮೆಯ ಸವಡಿಯಲ್ಲಿ ಕುಳಿತು ಮೊದಲ ಕಾದಂಬರಿ ಬರೆದ ನನಗೆ ಆ ಭಾಗ್ಯವಿರಲಿಲ್ಲ. ಮೂರು ವರ್ಷ ಬರೆದುದನ್ನು ತಿದ್ದಲು ಮತ್ತೆರಡು ವರ್ಷ ಬೇಕಾಯಿತು. ಆ ತಿದ್ದುಪಡಿ ಕಾಗದದ ಮೇಲಷ್ಟೇ ನಡೆಯಲಿಲ್ಲವಾದ್ದರಿಂದ ಆ ಅನುಭವವನ್ನು ಇಲ್ಲಿ ಹೇಳಬೇಕೆನಿಸಿದೆ.

ಬರೆಯುವ ಹಂಬಲ ಹುಟ್ಟಿದ್ದು ನಮ್ಮವರೇ ಆದ ನಾ. ಡಿಸೋಜ ಅವರ ಕೃತಿಗಳಿಂದ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಕಣಿವೆಯಲ್ಲಿ ಕಂಡ ಮುಳುಗಡೆಯ ಸಂಕಟವನ್ನು ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಗೆ ತಂದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಅವರು 2025ರ ಜನವರಿಯಲ್ಲಿ ನಿಧನರಾದರು. ಬಲ್ಲ ಬದುಕನ್ನೇ ಬರೆಯಬೇಕೆಂದು ಅವರನ್ನು ಓದಿ ಅರಿತು, ನಮ್ಮ ಎರೆಹೊಲದ ಒಂದು ಮನೆತನದ ಕಥೆಯನ್ನು ಕೈಗೆತ್ತಿಕೊಂಡೆ.

ಹಸ್ತಪ್ರತಿಯನ್ನು ಓದಿದ ಪ್ರಕಾಶಕರೊಬ್ಬರು ಅದನ್ನು ಹಿಂದಿರುಗಿಸುತ್ತ, “ಉಳಿದ ಪಾತ್ರಗಳಿಗೆಲ್ಲ ಜೀವವಿದೆ, ಕಾಕಾನ ಪಾತ್ರವೊಂದನ್ನು ನಂಬಲಾಗದು” ಎಂದು ಬರೆದಿದ್ದರು. ನನಗೆ ಸಿಟ್ಟು ಬಂದಿತು. ಏಕೆಂದರೆ ಕಲ್ಪನೆ ಬೆರೆಸದೆ ಬರೆದ ಪಾತ್ರ ಅದೊಂದೇ. ಅಪ್ಪ ಹುಬ್ಬಳ್ಳಿಯಲ್ಲಿ ದುಡಿಯುತ್ತಿದ್ದಾಗ, 1972ರ ಬರಗಾಲದಲ್ಲಿ, ಅವರ ಪಾಲಿನ ಎರಡು ಎಕರೆಯನ್ನು ಮಾರಿ ನುಂಗಿದರೆಂದು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದೆ. ಆ ಕಾಕಾ ನನ್ನ ಸ್ವಂತ ಕಾಕಾ.

ಅವ್ವನ ಮುಂದೆ ಆ ಅಧ್ಯಾಯವನ್ನು ಓದಿದೆ. ಬಹಳ ಹೊತ್ತು ಸುಮ್ಮನಿದ್ದು ಆಕೆ, “ಆ ರೊಕ್ಕ ನಿಮ್ಮಜ್ಜನ ದವಾಖಾನಿಗೆ ಹೋತು. ಅದು ನಿಮ್ಮಪ್ಪಗೂ ಆಮ್ಯಾಲೆ ತಿಳೀತು. ಆದ್ರ ಸಿಟ್ಟಿನ್ಯಾಗ ಆಡಿದ ಮಾತು ಹಿಂದಕ್ಕ ತಗೋಳಾಕ ಆಗಲಿಲ್ಲ” ಎಂದಳು.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ನಿಜವೆಂದು ನಂಬುವುದೂ ಆ ಆಜ್ಞೆಗೆ ವಿರುದ್ಧವೆಂದು ಧರ್ಮಸಭೆ ಬೋಧಿಸುತ್ತದೆ. ಕಾದಂಬರಿ ಕಲ್ಪನೆಯಲ್ಲವೇ ಎಂದು ವಾದಿಸಬಹುದಿತ್ತು. ಆದರೆ ಆ ಕಾಕಾ ಯಾರೆಂದು ಊರಿನವರಿಗೆ ಮೊದಲ ಪುಟದಲ್ಲೇ ತಿಳಿಯುತ್ತಿತ್ತು. ಆ ತಪಸ್ಸುಕಾಲದಲ್ಲಿ ನಲವತ್ತು ಪುಟಗಳನ್ನು ಹೊಡೆದುಹಾಕಿ, ಬರಗಾಲದ ಅಧ್ಯಾಯವನ್ನು ಕಾಕಾನ ಕಡೆಯಿಂದ ನೋಡಿ ಹೊಸದಾಗಿ ಬರೆದೆ.

ಹಾಗೆಂದು ತಿದ್ದಿದ್ದೆಲ್ಲವೂ ಒಳ್ಳೆಯದಾಗುವುದಿಲ್ಲ. ಶಿಷ್ಟವಾಗಿರಲೆಂದು ಪಾತ್ರಗಳ ಸವಡಿಯ ಮಾತನ್ನೆಲ್ಲ ನಾನು ಗ್ರಂಥಭಾಷೆಗೆ ತಿರುಗಿಸಿದ್ದೆ. ಆಗ ನೆನಪಾದವರು ಬಾಲಯೇಸುವಿನ ಸಂತ ತೆರೇಸಾ. 1897ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ಬರಹಗಳನ್ನು ಅಕ್ಕ ಮದರ್ ಆಗ್ನೆಸ್ ಪರಿಷ್ಕರಿಸಿ ಮರುವರ್ಷವೇ ಪ್ರಕಟಿಸಿದರು. ಆ ತಿದ್ದುಪಡಿಗಳು ಸುಮಾರು 7,000! ತಿದ್ದುವ ಅನುಮತಿಯನ್ನು ತಂಗಿಯೇ ಕೊಟ್ಟಿದ್ದರು, ಅಕ್ಕನ ಉದ್ದೇಶವೂ ಒಳ್ಳೆಯದೇ. ಆದರೂ ಸಂತರು ಬರೆದಂತೆಯೇ ಅವರ ಮಾತು ಲೋಕಕ್ಕೆ ದೊರೆತದ್ದು 1956ರಲ್ಲಿ. ಎಡೆಕುಂಟೆ ಹೊಡೆಯುವವನು ಕಳೆಯನ್ನು ಕೀಳಬೇಕೇ ಹೊರತು ಜೋಳದ ಬೇರನ್ನಲ್ಲ. ನನ್ನ ಪಾತ್ರಗಳಿಗೆ ಅವುಗಳ ಮಾತನ್ನು ಹಿಂದಿರುಗಿಸಿದೆ.

ಕೊನೆಗೆ ಒಂದು ಸಂಜೆ ಹೊಸ ಅಧ್ಯಾಯವನ್ನು ಕಾಕಾನ ಮನೆಗೆ ಒಯ್ದು ಓದಿದೆ. ಎಂಬತ್ತರ ಸಮೀಪದಲ್ಲಿರುವ ಅವರು ಕಣ್ಣು ಮುಚ್ಚಿ ಕೇಳಿದರು. “ಎಲ್ಲಾ ಬರೋಬರಿ ಐತಿ ನೋಡವಾ. ಎತ್ತು ಸತ್ತದ್ದು ಮಾತ್ರ ಹೊಲದಾಗಲ್ಲ, ಅಂಗಳದಾಗ” ಎಂದಷ್ಟೇ ಹೇಳಿದರು. ಅದನ್ನೂ ತಿದ್ದಿದೆ. ಅಪ್ಪ ತೀರಿದ ಮೇಲೆ ನಮ್ಮ ಹೊಸ್ತಿಲು ತುಳಿಯದಿದ್ದ ಕಾಕಾ, ಆ ವರ್ಷ ಪಾಸ್ಖ ಹಬ್ಬದ ಊಟಕ್ಕೆ ಬಂದರು.

ಕಾದಂಬರಿ ಇನ್ನೂ ಅಚ್ಚಾಗಿಲ್ಲ. ನಮ್ಮ ಕುಟುಂಬಗಳಲ್ಲಿ ಬರೆಯುವ ಹಂಬಲವುಳ್ಳ ಯುವಜನರು ಬಹಳ ಮಂದಿ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಬರೆದುದನ್ನು ತಿದ್ದಲು ಅಂಜಬೇಡಿ. ವಾಕ್ಯದ ದೋಷವನ್ನು ಹುಡುಕುವಾಗ, ಆ ವಾಕ್ಯದಲ್ಲಿ ಯಾರಿಗೆ ಅನ್ಯಾಯವಾಗಿದೆ ಎಂಬುದನ್ನೂ ಒಮ್ಮೆ ನೋಡಿರಿ.