ಸದ್ದು ಮಾಡುವ ಕಿವಿ

ಮಾತು ‘ಕಿವಿಗೆ ಬಿತ್ತು’ ಎನ್ನುತ್ತೇವೆ. ಅಂಗಳಕ್ಕೆ ಮಳೆಹನಿ ಬಿದ್ದ ಹಾಗೆ ಸದ್ದು ತಾನಾಗಿ ಬಂದು ಬೀಳುತ್ತದೆ, ಕಿವಿ ಸುಮ್ಮನೆ ತೆರೆದುಕೊಂಡಿರುತ್ತದೆ ಎಂಬ ಭಾವ ಆ ಮಾತಿನಲ್ಲಿದೆ. ಶಾಲೆಯಲ್ಲಿ ಕಲಿತದ್ದೂ ಹೆಚ್ಚುಕಡಿಮೆ ಇದೇ: ಗಾಳಿಯ ಅಲೆಗೆ ಕಿವಿತಮಟೆ ನಡುಗುತ್ತದೆ, ಮೂರು ಪುಟ್ಟ ಮೂಳೆಗಳು ಅಲುಗುತ್ತವೆ, ಒಳಗಿವಿಯ ದ್ರವ ಕದಲುತ್ತದೆ, ನರ ಮಿದುಳಿಗೆ ಸುದ್ದಿ ಒಯ್ಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಗಾಳಿಯ ಸದ್ದು ನೇರವಾಗಿ ದ್ರವಕ್ಕೆ ತಾಗಿದ್ದರೆ ಬಹುಪಾಲು ಹಿಂದಕ್ಕೇ ಪುಟಿಯುತ್ತಿತ್ತು. ಅಗಲವಾದ ತಮಟೆಯ ಮೇಲೆ ಬಿದ್ದ ಬಲವನ್ನು ಮೂರು ಮಿಲಿಮೀಟರಿನಷ್ಟಿರುವ ಕೊನೆಯ ಮೂಳೆಯ ಪಾದಕ್ಕೆ ಕೂಡಿಸಿ, ಒತ್ತಡವನ್ನು ಸುಮಾರು 20 ಪಟ್ಟು ಏರಿಸುವುದು ಆ ಮೂಳೆಗಳ ಕೆಲಸ. ಆದರೆ ಅಷ್ಟರಿಂದಲೇ ಪಿಸುಮಾತು ಕೇಳಿಸುವುದಿಲ್ಲ. ಬಂದ ಸದ್ದಿಗೆ ಕಿವಿ ತನ್ನ ಶಕ್ತಿಯನ್ನೂ ಸೇರಿಸುತ್ತದೆ. ಕೇಳುವುದು ಒಂದು ದುಡಿಮೆ.

ಈ ದುಡಿಮೆ ನಡೆಯುವುದು ಒಳಗಿವಿಯ ಕಾಕ್ಲಿಯಾದಲ್ಲಿ. ಶಂಖದಂತೆ ಸುತ್ತಿಕೊಂಡಿರುವ ಅದನ್ನು ಬಿಚ್ಚಿದರೆ ಉದ್ದ ಸುಮಾರು 35 ಮಿಲಿಮೀಟರು. ಒಳಗಿನ ಪೊರೆಯ ಬುಡ ಏರುಸ್ವರಕ್ಕೆ, ತುದಿ ತಗ್ಗುಸ್ವರಕ್ಕೆ ಹೆಚ್ಚು ಕಂಪಿಸುತ್ತದೆ. ಪೊರೆಯ ಮೇಲೆ ಸಾಗುವ ಈ ಅಲೆಯನ್ನು ಕಣ್ಣಾರೆ ಕಂಡ ಹಂಗೇರಿಯ ಜಾರ್ಜ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ಸತ್ತವರ ಕಿವಿ, ಕೇಳಿಸಿದ್ದು ಭಾರಿ ಸದ್ದು. ಅಲ್ಲಿ ಕಂಡ ಅಲೆ ಎಷ್ಟು ಅಗಲವಾಗಿತ್ತೆಂದರೆ, ಅಕ್ಕಪಕ್ಕದ ಸ್ವರಗಳು ಕಲಸಿಹೋಗಬೇಕಿತ್ತು. ತಂಬೂರಿ ಶ್ರುತಿ ಮಾಡುವವರು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಾರಲ್ಲ? ಆ ಸೂಕ್ಷ್ಮವೆಲ್ಲ ನರ ಮತ್ತು ಮಿದುಳಿನದ್ದು ಎಂಬ ಸಮಾಧಾನ ಆಗ ಚಾಲ್ತಿಯಲ್ಲಿತ್ತು. ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ಅದನ್ನು ಒಪ್ಪಿರಲಿಲ್ಲ. ನೀರಿನಲ್ಲಿ ಮುಳುಗಿದ ವೀಣೆಯ ತಂತಿ ಮೀಟಿದೊಡನೆ ಸುಮ್ಮನಾಗುತ್ತದೆ. ದ್ರವದೊಳಗಿನ ಪೊರೆ ಹಾಗಾಗದಿರಬೇಕಾದರೆ ಯಾರೋ ಅದಕ್ಕೆ ಹೊಸ ಬಲ ಕೊಡುತ್ತಿರಲೇಬೇಕು ಎಂಬುದು ಅವರ ತರ್ಕದ ಸಾರ. 1971ರಲ್ಲಿ ವಿಲಿಯಂ ರೋಡ್ ಜೀವಂತ ಕೋತಿಗಳ ಕಿವಿಯನ್ನು ಅಳೆದಾಗ ಅಲೆ ಮೊನಚಾಗಿತ್ತು. ಪ್ರಾಣ ಹೋದ ಮೇಲೆ ಆ ಮೊನಚೂ ಹೋಯಿತು.

ಬಲ ಕೊಡುವವರು ಯಾರು? ಕಾಕ್ಲಿಯಾದಲ್ಲಿ ಎರಡು ಬಗೆಯ ಕೇಶಕೋಶಗಳಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಸುದ್ದಿ ಒಯ್ಯುವ ನರತಂತುಗಳಲ್ಲಿ ನೂರಕ್ಕೆ 95ರಷ್ಟು ಹೊರಡುವುದು ಒಳಸಾಲಿನಿಂದ. ಹಾಗಾದರೆ ಹೊರಗಿನ ಅಷ್ಟೊಂದು ಕೋಶಗಳು ಏಕಿವೆ? 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಅವು ವಿದ್ಯುತ್ತಿಗೆ ತಕ್ಕಂತೆ ಕುಗ್ಗಿ ಹಿಗ್ಗುವುದನ್ನು ತೋರಿಸಿದರು. ಹಾಗೆ ಕುಣಿಸುವ ಪ್ರೋಟೀನು ‘ಪ್ರೆಸ್ಟಿನ್’ 2000ದಲ್ಲಿ ಸಿಕ್ಕಿತು. ಅದಿಲ್ಲದ ಇಲಿಗಳ ಕಿವಿ 40ರಿಂದ 60 ಡೆಸಿಬೆಲ್‌ನಷ್ಟು ಮಂದವಾಗಿತ್ತು. ಈ ಕುಣಿತದ ಸದ್ದು ಹೊರಕ್ಕೂ ಬರುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಬೆರಗಿನ ಸಂಗತಿ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯೊಳಗೆ ‘ಟಿಕ್’ ಎನ್ನಿಸಿ ಪುಟ್ಟ ಮೈಕ್ ಇಟ್ಟರು. ಕೆಲವು ಮಿಲಿಸೆಕೆಂಡಿನ ಬಳಿಕ ಕಿವಿಯೇ ಸಣ್ಣಗೆ ಮರುದನಿ ಕೊಟ್ಟಿತು. ಅದು ಬರಿಯ ಪ್ರತಿಧ್ವನಿ ಇರಬಾರದೇಕೆ ಎಂದು ಕೇಳುವುದು ನ್ಯಾಯವೇ. ತಮಟೆಯಿಂದ ಪುಟಿದದ್ದು ಅಷ್ಟು ತಡವಾಗಿ ಬರುವುದಿಲ್ಲ, ‘ಟಿಕ್’ ಹತ್ತು ಪಟ್ಟು ಜೋರಾದರೆ ಅದೂ ಹತ್ತು ಪಟ್ಟಾಗಬೇಕು. ಈ ಮರುದನಿ ಹಾಗೆ ಏರುವುದಿಲ್ಲ, ಕಾಕ್ಲಿಯಾ ಕೆಟ್ಟ ಕಿವಿಯಲ್ಲಿ ಹುಟ್ಟುವುದೂ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನವಜಾತ ಶಿಶುಗಳ ತಪಾಸಣೆಗೆ ಬಳಸುವುದು ಇದನ್ನೇ. ಮಲಗಿರುವ ಕೂಸು ಏನನ್ನೂ ಹೇಳಬೇಕಿಲ್ಲ, ಅದರ ಕಿವಿ ಹೇಳುತ್ತದೆ. ಆದರೆ ತೊಂದರೆ ನರದಲ್ಲಿದ್ದರೆ ಮರುದನಿ ಸರಿಯಿದ್ದೂ ಮಗುವಿಗೆ ಕೇಳಿಸದಿರಬಹುದು; ಅದಕ್ಕೆ ಬೇರೆ ಪರೀಕ್ಷೆ ಬೇಕು.

ಸದ್ದು ಹೆಚ್ಚಿಸುವುದಷ್ಟೇ ಕೆಲಸವಾದರೆ ಶ್ರವಣಯಂತ್ರ ಸಾಲದೇ ಎಂಬ ಪ್ರಶ್ನೆ ಉಳಿಯುತ್ತದೆ. ಅದು ಬಹಳ ಮಂದಿಗೆ ನಿಜಕ್ಕೂ ಆಸರೆ. ಆದರೂ ಹೊರಸಾಲಿನ ಕೋಶಗಳು ಮೆಲುದನಿಯನ್ನು ಬಹಳ, ಜೋರುದನಿಯನ್ನು ತೀರ ಕಡಿಮೆ ಹೆಚ್ಚಿಸುತ್ತವೆ. ಅವು ಸತ್ತರೆ ಮೆಲುಮಾತು ಮಾಯವಾಗುತ್ತದೆ, ಕೂಗು ಮಾತ್ರ ಮೊದಲಿನಷ್ಟೇ ಬಡಿಯುತ್ತದೆ. ‘ಸ್ವಲ್ಪ ಜೋರಾಗಿ ಹೇಳಪ್ಪಾ’ ಎಂದ ಅಜ್ಜನೇ ಮರುಗಳಿಗೆ ‘ಯಾಕೋ ಕಿರುಚ್ತೀಯಾ?’ ಎನ್ನುವುದು ಇದಕ್ಕೇ. ಅದು ಹಟವಲ್ಲ. ಹಕ್ಕಿಗಳಲ್ಲಿ ಕೇಶಕೋಶಗಳು ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ಮೆಲುದನಿಯನ್ನಷ್ಟೇ ಹೆಚ್ಚು ಏರಿಸುವ ಯಂತ್ರಗಳು ಬಂದಿವೆ, ಕಳೆದುಹೋದ ಮೊನಚನ್ನು ಅವು ಪೂರ್ತಿ ಮರಳಿಸಲಾರವು. ಹಾಗಾಗಿ ಮದುವೆ ಛತ್ರದ ಗದ್ದಲದಲ್ಲಿ ಅಜ್ಜನಿಗೆ ಎಲ್ಲರ ಮಾತೂ ಒಂದರೊಳಗೊಂದು ಕಲಸಿ ಕೇಳಿಸುತ್ತದೆ. ಅಲ್ಲಿ ದನಿ ಏರಿಸಿ ಪ್ರಯೋಜನವಿಲ್ಲ. ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಬೇಕು.