ವಿಮಾನ ಹಾರಲಿಲ್ಲ, ಕರ್ತೃ ಸಿಕ್ಕರು

ಹಳೆಯ ಗ್ರಂಥವೊಂದನ್ನು ಬರೆದವರು ಯಾರು ಎಂಬ ಪ್ರಶ್ನೆ ಎದ್ದರೆ ಪಂಡಿತರ ಬಳಿಗೆ ಹೋಗುವುದು ವಾಡಿಕೆ. ಲಿಪಿ, ಛಂದಸ್ಸು, ವ್ಯಾಕರಣ, ಬೇರೆ ಕವಿಗಳ ಉಲ್ಲೇಖ ಇವನ್ನೆಲ್ಲ ಮುಂದಿಟ್ಟುಕೊಂಡು ಅವರು ವಾದಿಸುತ್ತಾರೆ. ‘ಕವಿರಾಜಮಾರ್ಗ’ ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆ ಕನ್ನಡಿಗರಿಗೆ ಹೊಸದೇನಲ್ಲ. ಆದರೆ ಅರ್ಧ ಶತಮಾನದ ಹಿಂದೆ ಇಂಥದೇ ಒಂದು ಪ್ರಶ್ನೆ ಬೆಂಗಳೂರಿನಲ್ಲಿ ಎಂಜಿನಿಯರುಗಳ ಮೇಜಿನ ಮೇಲೆ ಬಂದು ಕುಳಿತಿತ್ತು. ಗ್ರಂಥದ ಹೆಸರು ‘ವೈಮಾನಿಕ ಶಾಸ್ತ್ರ’. ಕರ್ತೃ ಎಂದು ಹೇಳಲಾಗುತ್ತಿದ್ದವರು ಭರದ್ವಾಜ ಮಹರ್ಷಿ.

ಪರಿಶೀಲನೆಗೆ ಕುಳಿತವರು ಭಾರತೀಯ ವಿಜ್ಞಾನ ಸಂಸ್ಥೆಯ ಐವರು: ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು. ಎಲ್ಲರೂ ವೈಮಾನಿಕ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗಗಳವರು. ಅವರ ಪ್ರಬಂಧ 1974ರಲ್ಲಿ ‘ಸೈಂಟಿಫಿಕ್ ಒಪಿನಿಯನ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವೇ ಪುಟಗಳ ಆ ಬರಹಕ್ಕೆ ಎರಡು ಭಾಗ. ಗ್ರಂಥ ಯಾವಾಗ ಹುಟ್ಟಿತು, ಯಾರಿಂದ ಹುಟ್ಟಿತು ಎಂಬುದು ಒಂದು. ಅದರಲ್ಲಿ ಹೇಳಿರುವ ವಿಮಾನಗಳು ಹಾರುತ್ತವೆಯೇ ಎಂಬುದು ಇನ್ನೊಂದು. ಒಂದು ಭಾಗ ಇನ್ನೊಂದಕ್ಕೆ ಹೇಗೆ ಸಾಕ್ಷಿ ಹೇಳಿತು ಎಂಬುದೇ ಇಲ್ಲಿನ ಸ್ವಾರಸ್ಯ.

ಮೊದಲು ಗ್ರಂಥದ ಕಥೆ. ಬೆಂಗಳೂರಿಗೆ ಸಮೀಪದ ಆನೇಕಲ್ಲಿನಲ್ಲಿ ಪಂಡಿತ ಸುಬ್ಬರಾಯ ಶಾಸ್ತ್ರಿಗಳೆಂಬವರಿದ್ದರು. ಹುಟ್ಟಿದ್ದು 1866ರಲ್ಲಿ. ದೈವಭಕ್ತರು, ಆಚಾರವಂತರು. ಅವರ ಬಾಯಿಂದ ಶಾಸ್ತ್ರವಾಕ್ಯಗಳು ತಾವಾಗಿಯೇ ಹೊರಡುತ್ತವೆ, ಋಷಿಗಳ ಅನುಗ್ರಹದಿಂದ ಅವು ಅವರಿಗೆ ಗೋಚರಿಸುತ್ತವೆ ಎಂಬುದು ಸುತ್ತಲಿನವರ ನಂಬಿಕೆ. ಹೀಗೆ ಅವರು ಹೇಳಿದ ಶ್ಲೋಕಗಳನ್ನು ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. ಈ ಕೆಲಸ ನಡೆದದ್ದು 1918ರಿಂದ 1923ರವರೆಗೆ. ಎಂಟು ಅಧ್ಯಾಯ, ಸುಮಾರು ಮೂರು ಸಾವಿರ ಶ್ಲೋಕ. ಭರದ್ವಾಜರ ‘ಯಂತ್ರಸರ್ವಸ್ವ’ ಎಂಬ ದೊಡ್ಡ ಗ್ರಂಥದ ಒಂದು ಭಾಗ ಇದು ಎಂದು ಅದರಲ್ಲೇ ಹೇಳಿದೆ. ಬೋಧಾನಂದರದೆಂಬ ವೃತ್ತಿಯೂ ಜೊತೆಗಿದೆ. ಚಿತ್ರಗಳನ್ನು ಬರೆದವರು ಟಿ.ಕೆ. ಎಲ್ಲಪ್ಪ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವರು ನಕ್ಷೆಗಾರರಾಗಿದ್ದರು. ಶಾಸ್ತ್ರಿಗಳು ಹೇಳಿದಂತೆ ಅವರು ಬರೆದರು.

ಕೈಬರಹದಲ್ಲಿದ್ದ ಈ ಕೃತಿಯನ್ನು ಹೊರಜಗತ್ತಿಗೆ ತಂದವರು ಮೈಸೂರಿನ ಜಿ.ಆರ್. ಜೋಸಿಯರ್. 1951ರಲ್ಲಿ ಅವರು ಅಲ್ಲಿ ಸಂಸ್ಕೃತ ಸಂಶೋಧನೆಯ ಅಕಾಡೆಮಿಯೊಂದನ್ನು ಸ್ಥಾಪಿಸಿದ್ದರು. ಮರುವರ್ಷ ಪತ್ರಿಕೆಗಳಿಗೆ ಸುದ್ದಿ ಕೊಟ್ಟರು. 1959ರಲ್ಲಿ ಹಿಂದಿ ಆವೃತ್ತಿ ಬಂತು. 1973ರಲ್ಲಿ ಮೂಲ ಸಂಸ್ಕೃತ, ಇಂಗ್ಲಿಷ್ ಅನುವಾದ ಮತ್ತು ಎಲ್ಲಪ್ಪನವರ ಚಿತ್ರಗಳೊಂದಿಗೆ ಜೋಸಿಯರ್ ಅವರ ಪುಸ್ತಕ ಮೈಸೂರಿನಲ್ಲಿ ಹೊರಬಿತ್ತು. ಸಾವಿರಾರು ವರ್ಷಗಳ ಹಿಂದೆ ನಮ್ಮವರು ಹಾರಿದ್ದರು ಎಂಬುದಕ್ಕೆ ‘ಪುರಾವೆ’ ಬೇಕಾಗಿದ್ದವರಿಗೆ ಅದು ಸಿಕ್ಕಿತು. ವಿಜ್ಞಾನ ಸಂಸ್ಥೆಯ ಐವರು ಕೈಗೆತ್ತಿಕೊಂಡದ್ದು ಈ ಪುಸ್ತಕವನ್ನೇ.

ಅವರು ಮೊದಲು ಮಾಡಿದ್ದು ಪತ್ರಕರ್ತರೂ ಪೊಲೀಸರೂ ಮಾಡುವ ಕೆಲಸ, ಅಂದರೆ ಸಾಕ್ಷಿಗಳ ವಿಚಾರಣೆ. ಶ್ಲೋಕಗಳನ್ನು ಬರೆದುಕೊಂಡ ವೆಂಕಟಾಚಲ ಶರ್ಮರು ಆಗ ಬದುಕಿದ್ದರು. ಅವರಿಂದ ಕೃತಿಯ ಹುಟ್ಟಿನ ವಿವರ ಪಡೆದರು. ಸಂಸ್ಕೃತ ಬಲ್ಲವರಿಂದ ಭಾಷೆಯನ್ನು ನೋಡಿಸಿದರು. ಅನುಷ್ಟುಪ್ ಛಂದಸ್ಸಿನ ಸರಳ ಶ್ಲೋಕಗಳು. ವೇದಕಾಲದ ಭಾಷೆಯ ಲಕ್ಷಣ ಅದರಲ್ಲಿ ಇರಲಿಲ್ಲ. ಇವೆಲ್ಲವನ್ನೂ ತೂಗಿ ನೋಡಿ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದು ಎಂಬ ನಿಲುವಿಗೆ ಬಂದರು.

ಆಮೇಲೆ ಎಂಜಿನಿಯರುಗಳಾಗಿ ಕುಳಿತರು. ಯಂತ್ರದ ವರ್ಣನೆಯಿಂದ ಬರೆದವನ ಗುರುತು ಹಿಡಿಯುವುದು ಹೇಗೆ?

ಮಂಡ್ಯ ಬಳಿಯ ಯಲಿಯೂರಿನ ಕಡೆಯವರಿಗೆ ಇದನ್ನು ಆಲೆಮನೆಯ ಮೂಲಕ ಹೇಳಿದರೆ ಬೇಗ ತಿಳಿದೀತು. ಬೆಲ್ಲ ಮಾಡುವ ವಿಧಾನ ಹೇಳುವ ‘ಪ್ರಾಚೀನ’ ಓಲೆಯೊಂದು ಸಿಕ್ಕಿತು ಎಂದಿಟ್ಟುಕೊಳ್ಳಿ. ಅದರಲ್ಲಿ ಕಬ್ಬಿನ ಹಾಲನ್ನು ಚೆಲ್ಲಿ ಸಿಪ್ಪೆಯನ್ನು ಕೊಪ್ಪರಿಗೆಗೆ ಹಾಕಿ ಕುದಿಸಬೇಕು ಎಂದಿದ್ದರೆ, ಬರೆದವನು ಒಲೆಯ ಮುಂದೆ ಒಂದು ದಿನವೂ ನಿಂತವನಲ್ಲ ಎಂದು ರೈತ ತಕ್ಷಣ ಹೇಳುತ್ತಾನೆ. ಗಾಣಕ್ಕೆ ಡೀಸೆಲ್ ಎಂಜಿನ್ ಕಟ್ಟಬೇಕು ಎಂದಿದ್ದರೆ, ಓಲೆ ಎಷ್ಟೇ ಹಳದಿಯಾಗಿರಲಿ, ಬರಹ ಹಳೆಯದಲ್ಲ. ಕನ್ನಂಬಾಡಿಯ ನಾಲೆ ನೀರಿಗೆ ಕಬ್ಬು ಹಾಕಿದ ಮಾತಿದ್ದರಂತೂ ಅದು 1930ರ ದಶಕಕ್ಕಿಂತ ಹಿಂದೆ ಹೋಗುವುದೇ ಇಲ್ಲ. ತಪ್ಪು ಒಂದು ಬಗೆಯ ಸಾಕ್ಷಿ, ಗೊತ್ತಿರುವ ವಸ್ತು ಇನ್ನೊಂದು ಬಗೆಯದು.

‘ವೈಮಾನಿಕ ಶಾಸ್ತ್ರ’ದಲ್ಲಿ ಎರಡೂ ಸಿಕ್ಕಿದವು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆ ಅದರಲ್ಲಿದೆ. ಶಕುನಕ್ಕೆ ಹೆಸರಿಗೆ ತಕ್ಕಂತೆ ಹಕ್ಕಿಯ ರೆಕ್ಕೆ, ಬಾಲ. ಸುಂದರ ಮತ್ತು ರುಕ್ಮ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಗೋಪುರದಂತಿವೆ. ತ್ರಿಪುರವಂತೂ ನೆಲ, ನೀರು, ಆಕಾಶ ಮೂರರಲ್ಲೂ ಸಂಚರಿಸಬಲ್ಲದು. ಚಾಲಕನ ಆಹಾರ ಏನು, ಉಡುಪು ಏನು, ಯಾವ ಲೋಹ, ಯಾವ ಕನ್ನಡಿ, ಚಾಲಕ ಅರಿತಿರಬೇಕಾದ 32 ರಹಸ್ಯಗಳು ಯಾವುವು ಎಂಬುದಕ್ಕೆಲ್ಲ ಧಾರಾಳವಾಗಿ ಜಾಗ ಸಿಕ್ಕಿದೆ.

ವಿಮಾನ ಮೇಲೇಳಬೇಕಾದರೆ ಅದು ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಹಾಗೆ ತಳ್ಳಿದ ಬಲ ವಿಮಾನದ ತೂಕವನ್ನು ಮೀರಬೇಕು. ಮುಂದೆ ಸಾಗುವಾಗ ಗಾಳಿಯ ತಡೆಯನ್ನು ಗೆಲ್ಲುವಷ್ಟು ಶಕ್ತಿ ಎಂಜಿನ್ನಿನಲ್ಲಿರಬೇಕು. ಒಂದು ಕಡೆ ವಾಲಿದರೆ ಮತ್ತೆ ಸರಿಯಾಗುವಂತೆ ಭಾರ ಹಂಚಿರಬೇಕು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಮೊದಲ ಬಾರಿ ಹಾರಿದಾಗ ಗಾಳಿಯಲ್ಲಿದ್ದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಎಂಜಿನ್ನಿನ ಬಲ ಸುಮಾರು 12 ಅಶ್ವಶಕ್ತಿ. ಆ ಅಲ್ಪ ಸಾಧನೆಗೆ ಅವರು ವರ್ಷಗಟ್ಟಲೆ ರೆಕ್ಕೆಯ ಬಾಗನ್ನು ಅಳೆದು ನೋಡಬೇಕಾಯಿತು. ಗೋಪುರದ ಆಕಾರವನ್ನು ಗಾಳಿಗೆ ಎದುರಾಗಿ ಓಡಿಸಿದರೆ ಏನಾದೀತು ಎಂಬುದನ್ನು ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೂ ಲೆಕ್ಕ ಹಾಕಿಯಾನು. ನಾಲ್ಕರಲ್ಲಿ ಒಂದಕ್ಕೂ ಹಾರುವ ಗುಣವಿಲ್ಲ, ಅವುಗಳ ಆಕಾರ ಮತ್ತು ನೂಕುವ ವ್ಯವಸ್ಥೆ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುತ್ತವೆ ಎಂದು ಪ್ರಬಂಧ ಹೇಳಿತು. ಮುಂಬೈನ ತಳಪದೆ ಎಂಬವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಕೆಲವು ಮಾದರಿಗಳನ್ನು ಮಾಡಿದ್ದರು, ಅವೂ ಹಾರಲಿಲ್ಲ ಎಂಬ ಸಂಗತಿಯೂ ಅದರಲ್ಲಿ ದಾಖಲಾಗಿದೆ.

ಇನ್ನು ಗೊತ್ತಿರುವ ವಸ್ತುಗಳು. ಶಕುನ ವಿಮಾನದಲ್ಲಿ ಸಿಲಿಂಡರ್, ಪಿಸ್ಟನ್, ಗಿಯರುಗಳನ್ನು ಹೋಲುವ ಭಾಗಗಳಿವೆ. ಇವು ಯುರೋಪಿನ ಉಗಿಯಂತ್ರಗಳಲ್ಲಿ ಬಳಕೆಯಲ್ಲಿದ್ದವು. ಇಪ್ಪತ್ತನೆಯ ಶತಮಾನದ ಆರಂಭದ ಬೆಂಗಳೂರಿನಲ್ಲಿ ಯಾವ ಕಾರ್ಖಾನೆಯಲ್ಲೂ ಕಾಣಬಹುದಾಗಿದ್ದವು. ಚಿತ್ರಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಎಲ್ಲಪ್ಪನವರಿಗೆ ಆಧುನಿಕ ಯಂತ್ರಗಳ ಪರಿಚಯ ಇದ್ದದ್ದು ಸಹಜ. ಶ್ಲೋಕ ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ಅನೇಕ ಕಡೆ ತಾಳೆಯೇ ಆಗುವುದಿಲ್ಲ. ಪುಸ್ತಕದೊಳಗೆ ಒಂದಲ್ಲ, ಎರಡು ಕೈಗಳಿವೆ ಎಂಬುದು ಇದರಿಂದ ತಿಳಿಯುತ್ತದೆ. ಒಂದು ಆನೇಕಲ್ಲಿನ ಪಂಡಿತರದು, ಇನ್ನೊಂದು ಬೆಂಗಳೂರಿನ ನಕ್ಷೆಗಾರರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಯಂತ್ರ ಕೆಲಸ ಮಾಡುವುದಿಲ್ಲ ಎಂದಮಾತ್ರಕ್ಕೆ ಗ್ರಂಥ ಹೊಸದು ಎನ್ನಲು ಬರುವುದಿಲ್ಲ. ಹದಿನೈದನೆಯ ಶತಮಾನದ ಕೊನೆಯಲ್ಲಿ ಲಿಯೊನಾರ್ಡೊ ಡ ವಿಂಚಿ ಬರೆದ ರೆಕ್ಕೆ ಬಡಿಯುವ ಯಂತ್ರವೂ ಹಾರುವಂಥದ್ದಲ್ಲ. ಆದರೆ ಚಿತ್ರ ಅವನದೇ. ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಪಾದರಸವನ್ನು ಕಾಯಿಸಿ ಮರದ ಹಕ್ಕಿಯನ್ನು ಹಾರಿಸುವ ಮಾತಿದೆ. ಅದೂ ಹಾರಲಾರದು, ಆದರೂ ಆ ಕೃತಿಯ ಪ್ರಾಚೀನತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಳೆಯ ಜನರಿಗೂ ಕನಸು ಕಾಣುವ ಹಕ್ಕಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಒಂದರಿಂದಲೇ ಕರ್ತೃತ್ವ ತೀರ್ಮಾನವಾಗದು. ಬರೆದುಕೊಂಡವರ ಹೇಳಿಕೆ ಮತ್ತು ಭಾಷೆಯ ಸಾಕ್ಷ್ಯ ಅದಕ್ಕೆ ಜೊತೆಯಾಗಬೇಕು. 1974ರ ಪ್ರಬಂಧದ ಬಲ ಇರುವುದು ಈ ಮೂರೂ ಒಂದೇ ಕಡೆ ಬೊಟ್ಟು ಮಾಡಿದ್ದರಲ್ಲಿ.

ಹೋಲಿಕೆಗೆ ಮೈಸೂರಿನದೇ ಇನ್ನೊಂದು ಉದಾಹರಣೆ ಇದೆ. ಶಾಸ್ತ್ರಿಗಳ ಕಾಲದಲ್ಲೇ, 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಕೌಟಿಲ್ಯನ ‘ಅರ್ಥಶಾಸ್ತ್ರ’ ಬಿತ್ತು. 1909ರಲ್ಲಿ ಅವರು ಮೂಲವನ್ನು ಮುದ್ರಿಸಿದರು. ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದಾದ ತಾಳೆಗರಿಯ ಕಟ್ಟು ಇತ್ತು. ದಂಡಿ, ಬಾಣರಂಥ ಹಳಬರು ಆ ಶಾಸ್ತ್ರವನ್ನು ಹೆಸರಿಸಿದ್ದರು. ಆದರೂ ಪರೀಕ್ಷೆ ತಪ್ಪಲಿಲ್ಲ. ವಿಜ್ಞಾನ ಸಂಸ್ಥೆಯ ಪ್ರಬಂಧಕ್ಕಿಂತ ಮೂರು ವರ್ಷ ಮೊದಲು, 1971ರಲ್ಲಿ, ಅಮೆರಿಕದ ಥಾಮಸ್ ಟ್ರೌಟ್‌ಮನ್ ‘ಅರ್ಥಶಾಸ್ತ್ರ’ವನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. ‘ಚ’, ‘ವಾ’, ‘ಏವ’ದಂಥ ಸಣ್ಣ ಪದಗಳು ಪ್ರತಿ ಭಾಗದಲ್ಲಿ ಎಷ್ಟು ಸಲ ಬರುತ್ತವೆ ಎಂದು ಎಣಿಸಿದರು. ಇಂಥ ಪದಗಳನ್ನು ಯಾರೂ ಯೋಚಿಸಿ ಬಳಸುವುದಿಲ್ಲ, ಆದ್ದರಿಂದ ಅವು ಬರೆದವನ ಹೆಜ್ಜೆಗುರುತಿನಂತೆ ಉಳಿಯುತ್ತವೆ. ಎಣಿಕೆ ಹೇಳಿದ್ದು ಏನೆಂದರೆ, ಅದರ ಮುಖ್ಯ ಭಾಗಗಳು ಒಬ್ಬನೇ ಬರೆದವಲ್ಲ. ಒಂದು ಕಡೆ ಪದಗಳ ಎಣಿಕೆ, ಇನ್ನೊಂದು ಕಡೆ ಯಂತ್ರದ ಲೆಕ್ಕ. ಮೈಸೂರಿನಿಂದ ಹೊರಟ ಎರಡು ಪುಸ್ತಕಗಳಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ಬಗೆಯ ಪರೀಕ್ಷೆ ನಡೆಯಿತು. ಕೌಟಿಲ್ಯನ ಗ್ರಂಥಕ್ಕೆ ಇದರಿಂದ ಮರ್ಯಾದೆ ಕಡಿಮೆಯಾಗಲಿಲ್ಲ.

‘ವೈಮಾನಿಕ ಶಾಸ್ತ್ರ’ದ ವಿಷಯದಲ್ಲಿ ಮಾತ್ರ ಚರ್ಚೆ ಮತ್ತೆ ಮತ್ತೆ ಮೊದಲ ಹೆಜ್ಜೆಗೇ ಮರಳುತ್ತದೆ. 2015ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾದಾಗ ದೇಶದಾದ್ಯಂತ ಗದ್ದಲವೆದ್ದಿತು. ಆಗ 41 ವರ್ಷ ಹಳೆಯ ಬೆಂಗಳೂರಿನ ಪ್ರಬಂಧವನ್ನು ಹುಡುಕಿ ಓದಿದವರು ಬಹಳ ಮಂದಿ. ಅದನ್ನು ಬರೆದವರು ಸಂಸ್ಕೃತದ ಶತ್ರುಗಳು ಎಂಬ ಆಪಾದನೆಯೂ ಬಂದೀತು. ಆದರೆ ಐವರಲ್ಲಿ ಒಬ್ಬರಾದ ನಾಗೇಂದ್ರ ಅವರು ಮುಂದೆ ಬೆಂಗಳೂರಿನಲ್ಲಿ ಯೋಗ ವಿಶ್ವವಿದ್ಯಾಲಯ ಕಟ್ಟಿದವರು ಎಂಬುದನ್ನು ನೆನಪಿಟ್ಟರೆ ಆ ಮಾತು ನಿಲ್ಲುವುದಿಲ್ಲ.

ಈ ಗದ್ದಲದಲ್ಲಿ ಅನ್ಯಾಯ ಆದದ್ದು ಶಾಸ್ತ್ರಿಗಳಿಗೆ. ಹಳೆಯ ಓಲೆಗರಿ ಸಿಕ್ಕಿತೆಂದು ಅವರೇನೂ ಹೇಳಲಿಲ್ಲ. ತಮಗೆ ಗೋಚರಿಸಿತು ಎಂದರು. ಅದನ್ನು ಪುರಾತನ ತಂತ್ರಜ್ಞಾನದ ದಾಖಲೆ ಮಾಡಿದವರು ಆಮೇಲೆ ಬಂದವರು. ಒಂದು ಕಡೆಯವರು ಅವರನ್ನು ಬರೀ ಕೊಳವೆ ಮಾಡಿ, ಮಾತೆಲ್ಲ ಭರದ್ವಾಜರದು ಎಂದರು. ಇನ್ನೊಂದು ಕಡೆಯವರು ವಂಚಕ ಎಂದರು. ಹಳ್ಳಿಗಾಡಿನ ಪಂಡಿತರೊಬ್ಬರು ವಿಮಾನಯುಗದ ಬಾಗಿಲಲ್ಲಿ ಕುಳಿತು, ಕೇಳಿದ್ದು ಕಂಡದ್ದು ಎಲ್ಲವನ್ನೂ ತಮಗೆ ಗೊತ್ತಿದ್ದ ಒಂದೇ ಶಾಸ್ತ್ರಭಾಷೆಯಲ್ಲಿ ಮೂರು ಸಾವಿರ ಶ್ಲೋಕವಾಗಿ ಹೇಳಿದರು ಎಂದು ಓದಿದರೆ ಅದು ಬೇರೆಯೇ ಪುಸ್ತಕ. ಇಪ್ಪತ್ತನೆಯ ಶತಮಾನದ ಆರಂಭದ ಮೈಸೂರು ಸೀಮೆಯ ಮನಸ್ಸನ್ನು ತಿಳಿಯಬೇಕೆನ್ನುವವರು ಅದನ್ನು ಹಾಗೆ ಓದಬೇಕು.

ಜೋಸಿಯರ್ ಅವರ 1973ರ ಪುಸ್ತಕದ ಹೆಸರಿನಲ್ಲೇ ಭರದ್ವಾಜ ಮಹರ್ಷಿಗಳಿದ್ದಾರೆ. ಸುಬ್ಬರಾಯ ಶಾಸ್ತ್ರಿಗಳದು ‘ಪ್ರತಿಪಾದಕ’ರ ಸ್ಥಾನ. ಎಲ್ಲಪ್ಪನವರ ರುಕ್ಮ ಮತ್ತು ಶಕುನ ಇಂದು ಜಗತ್ತಿನ ಎಲ್ಲೆಡೆ ಪುಸ್ತಕಗಳಲ್ಲಿ, ದೂರದರ್ಶನ ಕಾರ್ಯಕ್ರಮಗಳಲ್ಲಿ ಪ್ರಾಚೀನ ಭಾರತದ ಚಿತ್ರಗಳಾಗಿ ಓಡಾಡುತ್ತಿವೆ. ಕೆಳಗೆ ನಕ್ಷೆಗಾರರ ಹೆಸರು ಕಾಣುವುದು ಅಪರೂಪ.