ಸಂಬಳದ ಲೆಕ್ಕಕ್ಕೆ ಯಾವ ತಂತ್ರಾಂಶ?

ಸಂಬಳವೆಂಬುದು ದಾನವಲ್ಲ, ದುಡಿದವನಿಗೆ ಮಾಲೀಕನು ತಿಂಗಳು ತಿಂಗಳೂ ತೀರಿಸಬೇಕಾದ ಋಣ. ಆ ಋಣದ ಲೆಕ್ಕವು ಹಿಂದೆ ಹಾಜರಿ ಪುಸ್ತಕ ಮತ್ತು ಬಟವಾಡೆ ಪಟ್ಟಿಗಳ ನಡುವೆ, ಗುಮಾಸ್ತರ ಕೈಬರಹದಲ್ಲಿ ನಡೆಯುತ್ತಿತ್ತು. ಇಂದು ಇಪ್ಪತ್ತು, ಇಪ್ಪತ್ತೈದು ಮಂದಿ ದುಡಿಯುವ ಅಗರಬತ್ತಿ ಕಾರ್ಖಾನೆ, ಮುದ್ರಣಾಲಯ, ಬೇಕರಿಗಳೂ ಅದನ್ನು ಗಣಕಯಂತ್ರಕ್ಕೆ ಒಪ್ಪಿಸುತ್ತಿವೆ. ಇದಕ್ಕೆಂದೇ ಸಿದ್ಧಪಡಿಸಿದ ತಂತ್ರಾಂಶಗಳು ಹಲವು. ಬೆಂಗಳೂರಿನ ಟ್ಯಾಲಿಯಂಥ ಜಮಾಖರ್ಚಿನ ತಂತ್ರಾಂಶದಲ್ಲಿಯೂ ಸಂಬಳದ ವಿಭಾಗವುಂಟು. ಇವುಗಳಲ್ಲಿ ಒಂದನ್ನು ಆರಿಸುವ ಬಗೆ ಹೇಗೆ?

ಈ ವಿದ್ಯೆ ತೀರ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಚಹಾದಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಕಂಪನಿಯು ತಾನೇ ನಿರ್ಮಿಸಿಕೊಂಡ ‘ಲಿಯೋ’ ಎಂಬ ಗಣಕಯಂತ್ರವು 1951ರಲ್ಲಿ ಬೇಕರಿಯ ಲೆಕ್ಕವನ್ನೂ, 1954ರಲ್ಲಿ ನೌಕರರ ಸಂಬಳದ ಲೆಕ್ಕವನ್ನೂ ಕೈಗೆತ್ತಿಕೊಂಡಿತು. ನುರಿತ ಗುಮಾಸ್ತನಿಗೆ ಎಂಟು ನಿಮಿಷ ಹಿಡಿಯುತ್ತಿದ್ದ ಒಬ್ಬನ ಲೆಕ್ಕವನ್ನು ಅದು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಿತ್ತೆನ್ನುತ್ತಾರೆ. ವೇಗದ ಪ್ರಶ್ನೆ ಅಂದೇ ತೀರಿತು. ಯಂತ್ರವು ಯಾವ ನಿಯಮದಂತೆ ಎಣಿಸುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ಕೆಲಸಗಾರನಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ರೂಪಾಯಿ. ಅವನು ಎರಡು ದಿನ ಗೈರುಹಾಜರಾದನೆನ್ನಿ. ತಿಂಗಳಿಗೆ 30 ದಿನವೆಂದು ಭಾಗಿಸಿದರೆ ಕಡಿತವಾಗುವುದು 1,200 ರೂಪಾಯಿ. ವಾರದ ರಜೆಗಳನ್ನು ಬಿಟ್ಟು 26 ದಿನವೆಂದು ಭಾಗಿಸಿದರೆ ಸುಮಾರು 1,385. ಈ 185 ರೂಪಾಯಿಯ ಅಂತರವನ್ನು ತಂತ್ರಾಂಶವು ಯಾರನ್ನೂ ಕೇಳದೆ ತೀರ್ಮಾನಿಸಿಬಿಡಬಾರದು. ಮಾಲೀಕನೂ ಕೆಲಸಗಾರರೂ ಒಪ್ಪಿಕೊಂಡ ಪದ್ಧತಿಯನ್ನು ಅದರಲ್ಲಿ ಅಳವಡಿಸಲು ಬರಬೇಕು.

ಇನ್ನು ಅವನು ಪೂರ್ಣ ತಿಂಗಳು ದುಡಿದನೆನ್ನೋಣ. ಭವಿಷ್ಯನಿಧಿಗೆ ನೂರಕ್ಕೆ 12ರಂತೆ, 2014ರಲ್ಲಿ ಗೊತ್ತುಪಡಿಸಿದ 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿದರೆ 1,800. ಪೂರ್ಣ ವೇತನಕ್ಕೆ ಹಾಕಿದರೆ 2,160. ಎರಡಕ್ಕೂ ಅವಕಾಶವಿರಬೇಕು. 2019ರ ಜುಲೈಯಲ್ಲಿ ಜಾರಿಗೆ ಬಂದ ದರದಂತೆ ಇ.ಎಸ್.ಐ.ಗೆ ಅವನಿಂದ ನೂರಕ್ಕೆ 0.75, ಅಂದರೆ 135. ಮಾಲೀಕನಿಂದ ನೂರಕ್ಕೆ 3.25, ಅಂದರೆ 585. ಮಿತಿಯಂತೆ ನಡೆದರೆ ಕೆಲಸಗಾರನ ಕೈಸೇರುವುದು 16,065 ರೂಪಾಯಿ. ಕಡಿತವಾದ ಹಣವು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಸರ್ಕಾರಿ ಖಾತೆಗಳನ್ನು ಸೇರದಿದ್ದರೆ ದಂಡ, ಬಡ್ಡಿಗಳು ತಪ್ಪಿದ್ದಲ್ಲ. ಆದ್ದರಿಂದ ಆ ಇಲಾಖೆಗಳು ಕೇಳುವ ರೂಪದಲ್ಲಿಯೇ ಪಟ್ಟಿಯನ್ನು ಸಿದ್ಧಪಡಿಸಿಕೊಡದ ತಂತ್ರಾಂಶದಿಂದ ಅರ್ಧ ಪ್ರಯೋಜನವಷ್ಟೆ.

ನಿಯಮಗಳು ಬದಲಾಗುತ್ತಿರುವುದೇ ದೊಡ್ಡ ತೊಡಕು. ಮಾರಾಟಗಾರನಿಗೆ ಒಂದು ಪ್ರಶ್ನೆ ಹಾಕಿ ನೋಡಿ: “ಕರ್ನಾಟಕದಲ್ಲಿ ಫೆಬ್ರವರಿಯ ವೃತ್ತಿ ತೆರಿಗೆ ಎಷ್ಟು?” 25,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಸಂಬಳವುಳ್ಳವರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300 ಎಂಬ ಏರ್ಪಾಡು 2025ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಅವುಗಳಂತೆ, ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಗಣನೆಗೆ ಬರುತ್ತದೆ. ಕೆಲಸ ಬಿಟ್ಟವನ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕಾಗುತ್ತದೆ. ಇಂಥ ಬದಲಾವಣೆಗಳನ್ನು ಯಾರು ಸೇರಿಸುತ್ತಾರೆ, ಎಷ್ಟು ದಿನದಲ್ಲಿ, ಅದಕ್ಕೆ ಬೇರೆ ಶುಲ್ಕವುಂಟೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ವಿವೇಕ.

ಕೊಳ್ಳುವ ಮುನ್ನ ಇನ್ನೂ ಮೂರು ಸಂಗತಿಗಳನ್ನು ವಿಚಾರಿಸಬೇಕು. ತಲೆಗಿಷ್ಟೆಂದು ಶುಲ್ಕವಾದರೆ ಕೆಲಸಗಾರರು ಹೆಚ್ಚಿದಂತೆ ಖರ್ಚೂ ಹೆಚ್ಚುವುದು. ನಾಳೆ ಬೇರೆ ತಂತ್ರಾಂಶಕ್ಕೆ ಹೋಗಬೇಕೆಂದರೆ ಹಳೆಯ ಲೆಕ್ಕವೆಲ್ಲ ನಮ್ಮ ಕೈಗೆ ಬರುವಂತಿರಬೇಕು. ಕೆಲಸಗಾರರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಗಳ ವಿವರವನ್ನು ಯಾರು ಯಾರು ನೋಡಬಲ್ಲರೆಂಬುದಕ್ಕೆ ಕಟ್ಟುನಿಟ್ಟಿರಬೇಕು. ನಾಲ್ಕೈದು ಮಂದಿಯ ಅಂಗಡಿಗಾದರೋ ಇಷ್ಟೆಲ್ಲ ಅಟ್ಟಹಾಸ ಬೇಡ. ಶುದ್ಧವಾಗಿ ಬರೆದ ಪುಸ್ತಕವೇ ಸಾಕು.

ಆರಿಸಿದ ಮೇಲೂ ಹಳೆಯ ಪುಸ್ತಕವನ್ನು ಕೂಡಲೇ ಅಟ್ಟಕ್ಕೇರಿಸಬಾರದು. ಎರಡು ತಿಂಗಳು ಕೈಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೊತೆಜೊತೆಯಾಗಿ ನಡೆಸಿ, ಪೈಸೆ ಪೈಸೆಯನ್ನೂ ಹೊಂದಿಸಿ ನೋಡಬೇಕು. ವ್ಯತ್ಯಾಸ ಕಂಡಲ್ಲಿ ತಪ್ಪು ಹಳೆಯ ಪುಸ್ತಕದಲ್ಲಿಯೂ ಇರಬಹುದು. ಹಾಗಿದ್ದರೆ ಕೆಲಸಗಾರನಿಗೆ ಸಲ್ಲಬೇಕಾದ ಬಾಕಿಯನ್ನು ಸಲ್ಲಿಸಿಯೇ ಮುಂದುವರಿಯಬೇಕು.

ಕೊನೆಯದಾಗಿ, ಸಂಬಳದ ಚೀಟಿಯನ್ನು ನೋಡಿರಿ. ಎಷ್ಟು ದಿನ ದುಡಿದೆ, ಯಾವುದಕ್ಕೆ ಎಷ್ಟು ಕಡಿತವಾಯಿತು, ಮಾಲೀಕನು ತನ್ನ ಪಾಲಿಗೆ ಎಷ್ಟು ಕಟ್ಟಿದ ಎಂಬುದು ಕನ್ನಡದಲ್ಲಿ, ಕನ್ನಡ ಬಲ್ಲ ಕೆಲಸಗಾರನು ಓದಿ ತಿಳಿಯುವಂತಿರಬೇಕು. ತನ್ನ ಚೀಟಿಯನ್ನು ತಾನೇ ಓದಬಲ್ಲವನು ತಪ್ಪನ್ನು ಮೊದಲು ಕಾಣುತ್ತಾನೆ. ಅವನಿಗಿಂತ ಒಳ್ಳೆಯ ಲೆಕ್ಕಪರಿಶೋಧಕನು ಸಣ್ಣ ಉದ್ಯಮಕ್ಕೆ ದೊರೆಯಲಾರ.